ಬೀರುವಿನ ಮೇಲಿನ ಅಂಚೆಕಚೇರಿ

ಜೈಬಾಳ ಈಮೇಲ್ ಮತ್ತೆ ವಾಪಸ್ ಬಂತು. "ಮನೆಯ ಇಂಟರ್ನೆಟ್ಟಿನಿಂದ ಬರುವ ಮೇಲ್ ಸ್ವೀಕರಿಸುವುದಿಲ್ಲ" ಎಂಬ ಅದೇ ಸಾಲನ್ನು ಅವಳ ಅಣ್ಣ ಮತೀನ್ ಕಣ್ಣು ಕಿರಿದಾಗಿಸಿ ಓದಿದ. ಹಾಸನದ ಆಸ್ಪತ್ರೆಯ ನರ್ಸ್ ಕೆಲಸಕ್ಕೆ ಅವಳು ಒಪ್ಪಿಗೆ ತಿಳಿಸಲು ಸಂಜೆ ಐದು ಗಂಟೆಯೇ ಗಡುವು. ಶಿರಾದ ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ಅಜಾನ್ ಆಗಲೇ ಮುಗಿದಿತ್ತು.

"ಭಾಯಿ, ಬೇರೆ ಅಡ್ರೆಸ್ಸಿಂದ ಕಳಿಸ್ಲಾ?" ಮಧ್ಯಾಹ್ನದಿಂದ ಅವಳು ಕೇಳುತ್ತಲೇ ಇದ್ದಳು.

"ನಮ್ಮನೆ ಕಾಗ್ದ ಕಂಡೋರೆಲ್ಲ ಯಾಕ್ ಓದ್ಬೇಕು? ವಸಿ ತಡಿ," ಎಂದ ಮತೀನ್. ಬೀರುವಿನ ಮೇಲೆ ಗುಂಯ್‌ಗುಡುತ್ತಿದ್ದ ಹಳೇ ಕಂಪ್ಯೂಟರೇ ಆ ಮನೆಯ ಅಂಚೆಕಚೇರಿ; ಹೊರಗಿನ ಈಮೇಲ್ ಕಂಪನಿಗಳನ್ನು ನಂಬದೆ, ಮನೆಯವರ ಮೇಲೆಲ್ಲ ಅದರಿಂದಲೇ ಹೋಗಿಬರುವಂತೆ ಅವನು ಮಾಡಿದ್ದ. ಅಮ್ಮಿಯದು, ತಂಗಿಯದು, ಎಲ್ಲರ ಪಾಸ್‌ವರ್ಡೂ ಅವನೇ ಇಟ್ಟದ್ದು. ಕೆಲಸ ಸಿಕ್ಕಿದ ಸುದ್ದಿಯನ್ನು ಜೈಬಾಳಿಗಿಂತ ಮೊದಲು ಓದಿ, ಅವಳಿಗೆ ಹೇಳಿದವನೂ ಅವನೇ. ಈಗ ಇಂಟರ್ನೆಟ್ ಕಂಪನಿಗೆ ಫೋನ್ ಹಚ್ಚಿದ. "ಮನೆ ಕನೆಕ್ಷನ್‌ಗೆ ಅದೆಲ್ಲ ಆಗಲ್ಲ ಸರ್," ಎಂದಿತು ಆ ಕಡೆಯ ದನಿ. "ದಮ್ಮಯ್ಯ ಅಂತೀನಿ, ಇದೊಂದು ಮೇಲ್ ಹೋಗಂಗೆ ಮಾಡ್ಬುಡಿ," ಎಂದು ಮತೀನ್ ಗೋಗರೆಯುತ್ತಿದ್ದಂತೆಯೇ ಲೈನ್ ಕಟ್ಟಾಯಿತು.

ತಿರುಗಿ ನೋಡಿದರೆ, ಜೈಬಾ ತನ್ನ ಮೊಬೈಲಿನಲ್ಲಿ ಹೊಸ ಅಡ್ರೆಸ್ ಮಾಡಿಕೊಳ್ಳುತ್ತಿದ್ದಳು. ಸೋತ ಮತೀನ್ ಬೇಡವೆನ್ನಲಿಲ್ಲ. "ಇಲ್ಲಿ ಕೊಡು, ಪಾಸ್‌ವರ್ಡ್ ನಾನು ಹಾಕ್ತೀನಿ," ಎಂದು ಎಂದಿನಂತೆ ಕೈ ಚಾಚಿದ. ಅವಳು ಕೊಡಲಿಲ್ಲ. ಎಟಿಎಮ್ಮಿನಲ್ಲಿ ಯಾರೋ ಗುರುತಿಲ್ಲದವರು ಬೆನ್ನ ಹಿಂದೆ ನಿಂತಾಗ ಮಾಡುವಂತೆ, ದುಪಟ್ಟಾವನ್ನು ಮೊಬೈಲಿಗೆ ಅಡ್ಡ ಹಿಡಿದು, ಅಣ್ಣನಿಗೆ ಕಾಣದ ಹಾಗೆ ಒಂದೊಂದೇ ಅಕ್ಷರ ಒತ್ತತೊಡಗಿದಳು.