ಕಾದ ಪೆಟ್ಟಿಗೆ

ಕೆಲಸದಿಂದ ಬಂದ ಅಪ್ಪ ಶೂ ಕೂಡ ಬಿಚ್ಚದೆ, ಟೀವಿ ಪಕ್ಕದಲ್ಲಿದ್ದ ಗೇಮಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಪೆಟ್ಟಿಗೆ ಕಾದಿತ್ತು.

"ನಾಳೆ ಫಿಸಿಕ್ಸ್ ಪರೀಕ್ಷೆ ಇಟ್ಕೊಂಡು ಇವತ್ತೇ ಆಡಿದೀಯಲ್ಲ, ನಾಚಿಕೆ ಆಗಲ್ವಾ?"

"ಆಡಿಲ್ಲ," ಎಂದಳು ಮಗಳು. ಬೆಳಿಗ್ಗೆಯಿಂದ ಲೆಕ್ಕ ಬಿಡಿಸಿ ಬಿಡಿಸಿ ಅವಳ ಬೆರಳಿಗೆಲ್ಲ ಇಂಕು ಮೆತ್ತಿಕೊಂಡಿತ್ತು.

"ಯಾರ ಕಿವಿ ಮೇಲೆ ಹೂ ಇಡ್ತೀಯ? ದಿನಾ ಬಂದು ಮುಟ್ಟಿ ನೋಡ್ತೀನಿ, ದಿನಾ ತಣ್ಣಗಿರುತ್ತೆ. ಮಗಳು ಆಟ ಬಿಟ್ಟು ಓದ್ತಿದಾಳೆ ಅಂತ ಕಂಡೋರಿಗೆಲ್ಲ ಹೇಳ್ಕೊಂಡು ತಿರುಗಿದೆ." ಅಪ್ಪ ಪ್ಲಗ್ ಕಿತ್ತು, ಲಿಫ್ಟ್ ರಿಪೇರಿಯ ಚೀಲದಿಂದ ಕಟಿಂಗ್ ಪ್ಲೇಯರ್ ತೆಗೆದ. ಅವಳು ಎದ್ದು ಬರುವಷ್ಟರಲ್ಲಿ ಪೆಟ್ಟಿಗೆಯ ವೈರು ಎರಡು ತುಂಡಾಗಿತ್ತು.

ಮಗಳು ತುಂಡುಗಳ ಕಡೆ ನೋಡಲೇ ಇಲ್ಲ. ಅಪ್ಪನ ಮಣಿಕಟ್ಟು ಹಿಡಿದೆಳೆದು, ಅದೇ ಅಂಗೈಯನ್ನು ಪೆಟ್ಟಿಗೆಯ ಹಿಂದಿನ ಗೋಡೆಗೆ ಒತ್ತಿದಳು. ಗೋಡೆಯೂ ಸುಡುತ್ತಿತ್ತು.

"ಈ ಗೋಡೆನೂ ಕೂತ್ಕೊಂಡು ಗೇಮ್ ಆಡ್ತಿತ್ತಾ?"

ಅಪ್ಪ ಕಿಟಕಿಯತ್ತ ತಿರುಗಿದ. ಇಳಿಬಿಸಿಲು ನೇರವಾಗಿ ಒಳಗೆ ಬೀಳುತ್ತಿತ್ತು. ಆದರೂ ಪಟ್ಟು ಬಿಡಲಿಲ್ಲ. "ಬಿಸಿಲು ದಿನಾ ಬೀಳುತ್ತೆ. ಮತ್ತೆ ಇಷ್ಟು ದಿನ ಹೇಗೆ ತಣ್ಣಗಿತ್ತು?"

"ಇಷ್ಟು ದಿನ ಆಡ್ತಿದ್ದೆ. ನೀನು ಬರೋ ಹೊತ್ತಿಗೆ ಒದ್ದೆ ಬಟ್ಟೆ ಹಾಕಿ ತಣ್ಣಗೆ ಮಾಡಿಡ್ತಿದ್ದೆ." ಅವಳು ಸಿಟ್ಟಿನಿಂದ ಅಪ್ಪನ ಮಣಿಕಟ್ಟು ಬಿಟ್ಟಳು. "ಇವತ್ತು ಆಡಲಿಲ್ಲ. ಅದಕ್ಕೇ ಬಿಸಿ ಇದೆ."