ನಡೆಯುವ ಅಭ್ಯಾಸ

ಹಿಮ್ಮಡಿ ನೋವಿನಿಂದ ವಾರಿಜ ಗೇಟು ದಾಟಿ ಎಷ್ಟೋ ತಿಂಗಳಾಗಿತ್ತು. ಕೊನೆಗೆ ಡಾಕ್ಟರು ಅವಳ ಪಾದದ ಅಚ್ಚು ತೆಗೆದು, ಅದಕ್ಕೆ ತಕ್ಕ ಮೆತ್ತೆ ಮಾಡಿಸಿ ಬೂಟಿನೊಳಗೆ ಹಾಕಿಕೊಟ್ಟರು. ಅಂದಿನಿಂದ ಅವಳು ಬೆಳಿಗ್ಗೆ ಒಬ್ಬಳೇ ಹೊರಡತೊಡಗಿದಳು. ಗಂಡ ಉಮಾಪತಿಯ ಹಳೆಯ ಅನುಮಾನ ಮತ್ತೆ ಹೆಡೆಯೆತ್ತಿತು.

“ಯಾರನ್ನ ನೋಡೋಕೆ ಹೋಗ್ತೀಯ?”

“ಯಾರನ್ನೂ ಇಲ್ಲ. ದಿನಾ ಒಂಚೂರು ಜಾಸ್ತಿ ನಡೀರಿ ಅಂದಿದ್ದಾರೆ ಡಾಕ್ಟ್ರು.”

ಅವನು ಅವಳ ಫೋನ್ ತಡಕಾಡಿದ, ಪಕ್ಕದ ಮನೆಯವರನ್ನು ವಿಚಾರಿಸಿದ. ಏನೂ ಸಿಗಲಿಲ್ಲ.

ಸೋಮವಾರ ತಿಂಡಿ ಹೊತ್ತು ಮೀರಿದರೂ ಅವಳು ಬರಲಿಲ್ಲ. ಅವನೇ ಫೋನ್ ಮಾಡಿದ.

“ಎಲ್ಲಿದ್ದೀಯ? ಜೊತೇಲಿ ಯಾರಿದ್ದಾರೆ, ನಿಜ ಹೇಳು!”

“ಯಾರೂ ಇಲ್ಲ ರೀ. ಬಸ್ ಸ್ಟ್ಯಾಂಡ್ ತನಕ ನಡೆಯೋಕಾದ್ರೆ ಸಾಕು ಅಂತಿದ್ದೆ. ಇವತ್ತು ಆಯ್ತು, ಬಸ್ ಹತ್ತಿದ್ದೀನಿ. ಇನ್ನು ಬರಲ್ಲ.”