ಕಾಕಾನ ಅಂಗಿಯೊಳಗಿನ ಚೀಲ

ನಮ್ಮ ಕಾಕಾನನ್ನು ಕೊಂದದ್ದು ಥಂಡಿಯಲ್ಲ, ನಾನು ಕೊಟ್ಟ ಚೀಲ. ಈಗಲೂ ಗದ್ದೆಯ ಕಡೆಯಿಂದ ಹುಳಕ್ಕೆ ಹೊಡೆಯುವ ಔಷಧದ ವಾಸನೆ ಬಂದರೆ ಆ ಮಧ್ಯಾಹ್ನ ಕಣ್ಣಿಗೆ ಬರುತ್ತದೆ.

ನನಗಾಗ ಹತ್ತು ವರ್ಷ. ಸಿದ್ದಾಪುರದಲ್ಲಿ ಚಳಿಗಾಲದ ಜಿಟಿಜಿಟಿ ಮಳೆ ಹಿಡಿದಿತ್ತು. ಚಿಗವ್ವ ಯಲಬುರ್ಗಾ ಕಡೆಯ ಮಂಗಳೂರಿನ ತವರಲ್ಲಿ ಹಡೆದಿದ್ದಳು. ಕಾಕಾ ಕೂಸನ್ನು ನೋಡಲು ಮೋಟರ್‌ಸೈಕಲ್ ತೆಗೆದ.

"ಕಂಬಳಿ ಹೊತ್ಕೊಂಡು ಹೋಗಪಾ," ಎಂದಳು ಅಜ್ಜಿ.

"ಕುರಿ ಕಾಯಾಕ ಹೊಂಟೀನೇನಬೇ? ಮಗನ್ನ ನೋಡಾಕ ಹೊಂಟೀನಿ!" ಎಂದು ನಕ್ಕು ನನ್ನ ಕಡೆ ತಿರುಗಿದ. "ತಂಗಿ, ಭತ್ತದ ಔಷಧದ ಖಾಲಿ ಚೀಲ ತಗೊಂಡ್ ಬಾ. ಪ್ಲಾಸ್ಟಿಕ್ ಐತಿ, ಗಾಳಿ ನೀರು ಒಳಗ ಬರೂದಿಲ್ಲ."

ತೊಳೆಯಲು ಹೊತ್ತಿರಲಿಲ್ಲ. ಜಾಡಿಸಿ ಕೊಟ್ಟೆ, ಬಿಳಿ ಪುಡಿ ಹಾರಿತು. ತಲೆಗೂ ತೋಳಿಗೂ ತೂತು ಮಾಡಿ ಬರಿಮೈಗೆ ತೊಟ್ಟು, ಮೇಲೆ ಅಂಗಿ ಹಾಕಿಕೊಂಡು ಹೋದ.

ಗಂಗಾವತಿ ದಾಟಿದ ಮೇಲೆ ದಾರಿಯಲ್ಲಿ ಬಿದ್ದಿದ್ದವನನ್ನು ಯಾರೋ ಟ್ರ್ಯಾಕ್ಟರಿನಲ್ಲಿ ಮನೆಗೆ ತಂದರು. ಮೈತುಂಬ ಬೆವರು, ಬಾಯಲ್ಲಿ ಜೊಲ್ಲು, ಕೈಕಾಲು ಗಡಗಡ ನಡುಗುತ್ತಿದ್ದವು.

"ಥಂಡಿ ಬಡದೈತಿ, ಬೆಂಕಿ ಹಚ್ಚರಿ," ಎಂದಳು ಅಜ್ಜಿ. ಅಪ್ಪ ಅಂಗಿ ಬಿಚ್ಚಲು ಹೋದರೆ ಗದರಿದಳು: "ಚೀಲ ತೆಗಿಬ್ಯಾಡೋ, ಬೆಚ್ಚಗ ಇರ್ಲಿ!"

ಮೇಲೆ ಎರಡು ಕಂಬಳಿ ಹೊದಿಸಿದರು. ಅವನು ಬೆವರಿದಷ್ಟೂ ಔಷಧದ ವಾಸನೆ ಮನೆ ತುಂಬಿತು. ನಾನು ಜಾಡಿಸಿದ ಪುಡಿಯ ವಾಸನೆಯೇ ಅದು. ದೀಪ ಹಚ್ಚುವ ಹೊತ್ತಿಗೆ ಅವನ ಉಸಿರು ನಿಂತಿತು.

ಮರುದಿನ ಬೆಳಿಗ್ಗೆ, ಅಂಥದೇ ಚೀಲಗಳನ್ನು ತೊಳೆದು ಅವ್ವ ತುಂಬಿಟ್ಟಿದ್ದ ಜೋಳವನ್ನೆಲ್ಲ ತಿಪ್ಪೆಗುಂಡಿಗೆ ಸುರಿದು ಮಣ್ಣು ಮುಚ್ಚಿದೆ. ಅವ್ವ ಹೊಡೆದಳು. ನಾನು ಅದರ ಮೇಲೆ ಇನ್ನಷ್ಟು ಮಣ್ಣು ಎಳೆದೆ.